ಬೇಸ್ ಗಿಟಾರಿನ ಮಲ್ಲೇಶಿ

ನನ್ನ ತಮ್ಮ ಮಲ್ಲೇಶಿಯನ್ನು ಆರ್ಕೆಸ್ಟ್ರಾದಿಂದ ಬಿಡಿಸಿದವಳು ನಾನು. ಬೇರೆ ಯಾರೂ ಅಲ್ಲ. ಅವನಿಗೆ ಕಿವಿ ಹೋಗಿತ್ತು, ನಿಜ. ಆದರೆ ಕಿವಿ ಹೋಯಿತೆಂದು ಅವನು ತಾನಾಗಿ ಬಿಡಲಿಲ್ಲ, ಜೊತೆಯವರೂ ಬಿಡಿಸಲಿಲ್ಲ. ನಾನು ಹೋಗಿ ಹೇಳಿದೆ, ಬಿಡಿಸಿದರು. ಅದಾದ ಮೇಲೆ ಒಂದು ವರ್ಷ ಬದುಕಿದ್ದ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮ ಊರು ನ್ಯಾಮತಿಯ ಜನ ಸೇರಿಸಿಕೊಂಡು ಹೇಳುವುದು.

ಅವನ ಎಡಗೈ ಬೆರಳುಗಳ ತುದಿ ಎತ್ತಿನ ಗೊರಸಿನ ಹಾಗೆ ಗಟ್ಟಿಯಾಗಿತ್ತು. ನಾನು ರೊಟ್ಟಿ ಬಡಿಯುವಾಗ ಹಿಂದಿನಿಂದ ಬಂದು, ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹೋಗುತ್ತಿದ್ದ. "ಸುಡಲ್ಲೇನೋ ನಿಂಗೆ?" ಎಂದರೆ, "ಸುಡಾಕೆ ಅಲ್ಲಿ ಚರ್ಮ ಎಲ್ಲೈತೆ ಅಕ್ಕ?" ಎನ್ನುತ್ತಿದ್ದ. ಬಲಗೈಯ ಎರಡು ಬೆರಳಿಗಂತೂ ಸುಮ್ಮನಿರುವುದು ಗೊತ್ತಿರಲಿಲ್ಲ. ಬಸ್ಸಿನ ಸೀಟಿನ ಸರಳು, ಊಟದ ತಟ್ಟೆಯ ಅಂಚು, ನೀರಿನ ಕೊಡ, ಯಾವುದು ಸಿಕ್ಕಿದರೂ ಅದರ ಮೇಲೆ ಆ ಎರಡು ಬೆರಳು ನಡೆಯುತ್ತಿದ್ದವು. ನನ್ನ ಗಂಡನ ಮಣ್ಣಿಗೆ ಬಂದಾಗಲೂ ತೊಡೆಯ ಮೇಲೆ ನಡೆಯುತ್ತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಸರಿಯಾಗಿ ನೋಡಿದರೆ, ಅಯ್ಯನೋರು ಹೇಳುವ ಮಂತ್ರಕ್ಕೆ ತಾಳ ಹಿಡಿಯುತ್ತಿದ್ದ. ಅಯ್ಯನೋರು ಉಸಿರು ತಗೊಳ್ಳಲು ನಿಂತರೆ ಇವನ ಬೆರಳೂ ನಿಲ್ಲುತ್ತಿದ್ದವು. ಅವನನ್ನು ಬೈದು ಏನು ಮಾಡುವುದು?

ಅವನು ನುಡಿಸುತ್ತಿದ್ದದ್ದು ಬೇಸ್ ಗಿಟಾರು. ಉದ್ದನೆಯ ಕತ್ತು, ದಪ್ಪ ದಪ್ಪ ತಂತಿ, ಅದೂ ನಾಲ್ಕೇ. ಬೇರೆ ಗಿಟಾರಿಗೆ ಆರಿರುತ್ತವೆ. ಮೊದಲ ಸಲ ಮನೆಗೆ ತಂದಾಗ ನಾನು, "ಎರಡು ಕಿತ್ತೋಗಿರೋದನ್ನ ಕೊಟ್ಟು ನಿಂಗೆ ಟೋಪಿ ಹಾಕಿದಾರಲ್ಲೋ" ಎಂದಿದ್ದೆ. ಆಗ ಅವನಿಗೆ ಇಪ್ಪತ್ತೆರಡು. ಅವನ ಗೆಳೆಯ ಬಾಷಾ ಹೊಸದಾಗಿ ಆರ್ಕೆಸ್ಟ್ರಾ ಕಟ್ಟಿದ್ದ. ಕೀಬೋರ್ಡು ಬಾಷಾನದೇ. ಡ್ರಮ್ಮಿಗೆ ಒಬ್ಬ, ಆರು ತಂತಿಯ ಗಿಟಾರಿಗೆ ಒಬ್ಬ ಆಗಲೇ ಸಿಕ್ಕಿದ್ದರು. "ಉಳಿದಿದ್ದು ಇದೊಂದೇ ಅಕ್ಕ. ಯಾರಿಗೂ ಬ್ಯಾಡಾಗಿತ್ತು" ಎಂದ ಇವನು. ಯಾರಿಗೂ ಬೇಡವಾದದ್ದನ್ನು ಮೂವತ್ತೈದು ವರ್ಷ ನುಡಿಸಿದ. ಗಣಪತಿಗೆ ಚನ್ನಗಿರಿ, ರಾಜ್ಯೋತ್ಸವಕ್ಕೆ ಜಗಳೂರು, ಮದುವೆ ಕಾಲ ಬಂತೆಂದರೆ ಹೊನ್ನಾಳಿ.

ಅವನು ನುಡಿಸುವುದು ನನಗೆ ಕೇಳಿಸುತ್ತಲೇ ಇರಲಿಲ್ಲ. ಹಾಡು ಕೇಳಿಸುತ್ತಿತ್ತು, ಡ್ರಮ್ಮು ಕೇಳಿಸುತ್ತಿತ್ತು. "ನೀನು ಅಲ್ಲಿ ನಿಂತು ಏನು ಮಾಡ್ತೀಯೋ?" ಎಂದು ಒಮ್ಮೆ ಕೇಳೇಬಿಟ್ಟೆ. ಅವತ್ತು ಮನೆಯಲ್ಲಿ ಹೋಳಿಗೆ. ತಟ್ಟೆಯಲ್ಲಿದ್ದುದನ್ನು ಎತ್ತಿ ತೋರಿಸಿದ. "ತಿಂದೋರೆಲ್ಲ ಊರ್ಣ ಚೆನ್ನಾಗೈತೆ ಅಂತಾರೆ. ಕಣಕ ಚೆನ್ನಾಗೈತೆ ಅಂತ ಯಾರಾದ್ರೂ ಅಂದಿದ್ದು ಕೇಳಿದೀಯಾ? ಕಣಕ ಇಲ್ದೆ ಬರೀ ಊರ್ಣ ಹಂಚಿನ ಮ್ಯಾಲೆ ಹಾಕು ನೋಡನ. ನಾನು ಕಣಕ ಅಕ್ಕ."

ಅವನಿಗೆ ಮದುವೆಯಾಗಲಿಲ್ಲ. ಸಂತೇಬೆನ್ನೂರಿನಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣಿನ ಅಪ್ಪ ಒಳ್ಳೆಯ ಮನುಷ್ಯ. "ಏನು ಕೆಲಸ ನಿಮ್ದು?" ಎಂದ. ಇವನು ಹೇಳಿದ. "ಅದು ಸರಿ, ರಾತ್ರಿದಾಯ್ತು. ಹಗಲೊತ್ತು ಏನು ಮಾಡ್ತೀರಿ?" ಎಂದ ಆತ. "ನಿದ್ದೆ ಮಾಡ್ತೀನ್ರಿ" ಎಂದ ನನ್ನ ತಮ್ಮ. ಉಪ್ಪಿಟ್ಟು ತಿಂದು ಎದ್ದು ಹೋದವರು ತಿರುಗಿ ಬರಲಿಲ್ಲ. ಸುಳ್ಳು ಹೇಳಲು ಬರದವನಿಗೆ ಹೆಣ್ಣು ಸಿಗುವುದು ಕಷ್ಟ.

ಹಗಲಿನ ಕೆಲಸ ಆಮೇಲೆ ಹುಟ್ಟಿತು. ಹಳೆಯ ಸಾಮಾನು ಕೊಂಡು ಮಾರುವುದು. ಸಾಮಾನೆಂದರೆ ಗಿಟಾರು, ಕೀಬೋರ್ಡು, ಮೈಕು, ಸ್ಪೀಕರ್ ಬಾಕ್ಸು. ಎಲ್ಲಾದರೂ ಒಂದು ಆರ್ಕೆಸ್ಟ್ರಾ ಒಡೆಯಿತು, ಅಣ್ಣ ತಮ್ಮ ಜಗಳವಾಡಿ ಪಾಲಾದರು ಎಂದು ಸುದ್ದಿ ಬಂದರೆ ಇವನು ಬಸ್ಸು ಹತ್ತುತ್ತಿದ್ದ. ತಂದು ಬಿಚ್ಚಿ, ಧೂಳು ಊದಿ, ಕಿತ್ತ ವೈರಿಗೆ ಬೆಸುಗೆ ಹಾಕಿ, ಭಜನಾ ಮಂಡಳಿಗೋ ಶಾಲೆಗೋ ಹೊಸದಾಗಿ ಬ್ಯಾಂಡು ಕಟ್ಟುವವರಿಗೋ ಮಾರುತ್ತಿದ್ದ. ನನ್ನ ಗಂಡ ಹೋದ ಮೇಲೆ ಅವನು ನಮ್ಮ ಮನೆಗೇ ಬಂದ. ಜೊತೆಗೆ ಆ ಬಾಕ್ಸುಗಳೂ ಬಂದವು. "ಅತ್ತೆ, ಮನೇನಾಗೆ ಸಾಮಾನೈತೋ, ಸಾಮಾನಿನಾಗೆ ಮನೆ ಐತೋ?" ಎಂದು ನನ್ನ ಸೊಸೆ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಮಾರುವುದಕ್ಕೆ ಅವನದೊಂದು ರೀತಿ ಇತ್ತು. ಕೊಳ್ಳಲು ಬಂದವರನ್ನು ಕೂರಿಸಿ, ಕೈಗೆ ಚಾ ಕೊಟ್ಟು, ಅವರು ಚಾ ಕುಡಿದು ಮುಗಿಸುವ ತನಕ ಆ ಬಾಕ್ಸಿಗೆ ತನ್ನ ಗಿಟಾರು ಸಿಕ್ಕಿಸಿ ನುಡಿಸುತ್ತಿದ್ದ. ಆಮೇಲೆ, "ನಾನು ಕೇಳಿದೀನಿ, ತಗೊಂಡು ಹೋಗ್ರಿ" ಎನ್ನುತ್ತಿದ್ದ. ರಸೀದಿ ಇಲ್ಲ, ಗ್ಯಾರಂಟಿ ಚೀಟಿ ಇಲ್ಲ. ಬಸವಾಪಟ್ಟಣದಿಂದ ಜಗಳೂರಿನವರೆಗೂ ಆ ಮಾತು ನಡೆಯುತ್ತಿತ್ತು. ಮಲ್ಲೇಶಣ್ಣ ಕೇಳಿ ಕೊಟ್ಟ ಮಾಲು ಎಂದರೆ ಮುಗಿಯಿತು, ಇನ್ನೊಬ್ಬರು ಬಿಚ್ಚಿ ನೋಡುತ್ತಿರಲಿಲ್ಲ.

ಕಿವಿ ಹೋಗಿದೆ ಎಂದು ನನಗೆ ಗೊತ್ತಾದದ್ದು ಇಂಥ ಒಂದು ಬಾಕ್ಸಿನಿಂದ. ಅದನ್ನು ಸಂತೇಬೆನ್ನೂರಿನ ಭಜನಾ ಮಂಡಳಿಯವರು ಒಯ್ದಿದ್ದರು. ಸೋಮವಾರದ ಭಜನೆಯಲ್ಲಿ ಅದು ನಡುನಡುವೆ ಸುಂಯ್ ಎಂದು ಸಣ್ಣಗೆ ಸಿಳ್ಳೆ ಹಾಕಿತಂತೆ. ವಾಪಸು ತಂದರು. ತಂದವರಾದರೂ ಬೈದರೇ? ಇಲ್ಲ. "ಮಲ್ಲೇಶಣ್ಣ, ನಮ್ದೇ ತಪ್ಪು. ಲಗೇಜ್ ಆಟೋದಾಗೆ ಎತ್ತಾಕಿದ್ವಿ, ದಾರಿನಾಗೆ ಏಟು ಬಿದ್ದಿರಬೇಕು" ಎಂದರು. ಇವನು ಹಚ್ಚಿ ನೋಡಿದ. ಅಡುಗೆಮನೆಯಲ್ಲಿದ್ದ ನನಗೆ ಆ ಸಿಳ್ಳೆ ಕೇಳಿ ಹಲ್ಲು ಜುಮ್ಮೆಂದಿತು. ಇವನು ಬಾಕ್ಸಿನ ಪಕ್ಕದಲ್ಲೇ ಕೂತು, ತಲೆ ವಾರೆ ಮಾಡಿ, "ಈಗ ಸರಿ ಐತಲ್ಲ" ಎಂದ. ಆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಓಡಿಬಂದು, "ಸರಿ ಎಲ್ಲೈತೋ? ಇಟ್ಟು ಹೋಗ್ರಪ್ಪ, ಬೇರೆ ಕೊಡ್ತಾನೆ" ಎಂದೆ.

ಅವರು ಹೋದ ಮೇಲೆ ಎದುರು ಕೂತು ಕೇಳಿದೆ. "ಕಿವಿ ಕೇಳಲ್ವೇನೋ?"

"ಕೇಳ್ತೈತೆ. ದಪ್ಪಂದೆಲ್ಲ ಕೇಳ್ತೈತೆ. ಸಣ್ಣದು ಹೋಗೈತೆ. ಗುಬ್ಬಿ ಹೋಗೈತೆ, ಬಳೆ ಹೋಗೈತೆ."

"ನಾನು ಬೈಯೋದು?"

"ಅದು ಹೋಗಾಕೆ ಇನ್ನೂ ಟೈಮೈತೆ."

ದಾವಣಗೆರೆಗೆ ಕರೆದುಕೊಂಡು ಹೋದೆ. ಸ್ಪೀಕರುಗಳ ಮುಂದೆ ಅಷ್ಟು ವರ್ಷ ನಿಂತರೆ ಇನ್ನೇನಾಗುತ್ತದೆ, ಇರುವುದೂ ಹೋಗುತ್ತದೆ, ಇನ್ನು ನಿಲ್ಲಬೇಡಿ ಎಂದರು ಡಾಕ್ಟರು. ಕಿವಿಗೆ ಒಂದು ಮಿಷನ್ ಕೊಟ್ಟರು. ಅದನ್ನು ಇಟ್ಟುಕೊಂಡು ಒಂದೇ ಒಂದು ಪ್ರೋಗ್ರಾಮಿಗೆ ಹೋದ. ಡ್ರಮ್ಮಿನ ಏಟು ತಲೆಯೊಳಗೆ ಪಟಾಕಿ ಹೊಡೆದಂತಾಗುತ್ತದೆ ಎಂದು ತೆಗೆದು ಜೇಬಿಗೆ ಹಾಕಿಕೊಂಡ. "ಬಾಷಾಗೆ ಹೇಳಬ್ಯಾಡ ಅಕ್ಕ" ಎಂದ. "ಮಾಲು ತಗೊಳ್ಳೋರಿಗೂ ಹೇಳಬ್ಯಾಡ. ಗಿಟಾರು ನಂಗೆ ಕಾಲಿನಾಗೆ ಕೇಳ್ತೈತೆ, ಸ್ಟೇಜಿನ ಹಲಗೆ ಅದುರ್ತೈತಲ್ಲ. ಅಷ್ಟು ಸಾಕು." ಆಗಲಿ ಎಂದೆ.

ಅವತ್ತಿನಿಂದ ಮಾಲಿಗೆ ನಾನೇ ಕಿವಿಯಾದೆ. ಮೂರನೇ ಕ್ಲಾಸು ಓದಿದ ಮುದುಕಿ, ಸಂಗೀತದ ಸಾ ಗೊತ್ತಿಲ್ಲ. ಆದರೆ ಸಿಳ್ಳೆ ಯಾವುದು, ಕರಕರ ಯಾವುದು ಎಂದು ತಿಳಿಯಲು ಸಂಗೀತ ಯಾಕೆ ಬೇಕು? ನಾನು ಗೋಡೆಗೊರಗಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದೆ. ಅವನು ನುಡಿಸುತ್ತಿದ್ದ. ಸದ್ದು ಸರಿಯಾಗಿದ್ದರೆ ನನ್ನ ಕೈ ಹೊಸೆಯುತ್ತಲೇ ಇರುತ್ತಿತ್ತು. ಹೆಚ್ಚುಕಡಿಮೆಯಾದರೆ ಕೈ ನಿಲ್ಲುತ್ತಿತ್ತು. ಅವನ ಕಣ್ಣು ನನ್ನ ಕೈಯ ಮೇಲೆ. ಬಂದವರಿಗೆ ಏನೂ ತಿಳಿಯುತ್ತಿರಲಿಲ್ಲ. ಮುದುಕಿ ಬತ್ತಿ ಹೊಸೆಯುವುದನ್ನು ಯಾರು ನೋಡುತ್ತಾರೆ?

ಕೊಳ್ಳಲು ಹೋಗುವಾಗಲೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಜಗಳೂರಿನಲ್ಲಿ ಒಬ್ಬ, ಯಾರೂ ಮುಟ್ಟಿಯೇ ಇಲ್ಲ ಎನ್ನುವಷ್ಟು ಹೊಳೆಯುವ ಒಂದು ಕೀಬೋರ್ಡು ಇಟ್ಟುಕೊಂಡಿದ್ದ. ನಾನು ಅವನ ಮನೆಯ ಕಟ್ಟೆ ಮೇಲೆ ಕೂತು ಹತ್ತಿ ತೆಗೆದೆ. "ಅಜ್ಜಿ ಯಾಕೆ ಬಂದಾರೆ?" ಎಂದ ಆತ. "ಅಜ್ಜಿಗೆ ಬಸ್ಸು ಹತ್ತೋದಂದ್ರೆ ಆಸೆ" ಎಂದ ನನ್ನ ತಮ್ಮ. ನನಗೆ ಬಸ್ಸೆಂದರೆ ವಾಂತಿ. ಆತ ನುಡಿಸಿ ತೋರಿಸಿದ. ಅದರ ಕಪ್ಪು ಬಿಳಿ ಮನೆಗಳಲ್ಲಿ ಮೂರನ್ನು ಒತ್ತಿದರೆ ಸದ್ದು ಒಂದು ಗಳಿಗೆ ತಡೆದು ಬರುತ್ತಿತ್ತು. ನಾನು ಕೈ ನಿಲ್ಲಿಸಿದೆ. ಮಲ್ಲೇಶಿ ಬೇಡ ಎಂದ. ಆತ, "ಅಣ್ಣ, ನಾಲ್ಕು ಜನ ನೋಡಿಹೋದ್ರು, ಯಾರಿಗೂ ಗೊತ್ತಾಗಿರಲಿಲ್ಲ! ಏನು ಕಿವಿ ಅಣ್ಣ ನಿಮ್ದು!" ಎಂದು ಕೈ ಮುಗಿದ. ವಾಪಸು ಬರುವಾಗ ಬಸ್ಸಿನಲ್ಲಿ ಇವನು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ, ಸೆರಗು ಬಾಯಿಗೆ ಒತ್ತಿಕೊಂಡು. ಎರಡು ವರ್ಷ ಹೀಗೆ ನಡೆಯಿತು. ನಾವಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಆದರೆ ಸ್ಟೇಜಿನ ಮೇಲೆ ನಾನು ಹೋಗಿ ಬತ್ತಿ ಹೊಸೆಯಲು ಆಗುತ್ತದೆಯೇ?

ಹೊನ್ನಾಳಿಯಲ್ಲಿ ನಮ್ಮ ದೂರದ ಸಂಬಂಧಿಕರ ಮಗಳ ಮದುವೆ. ಹಿಂದಿನ ದಿನ ಸಂಜೆಯ ಆರತಕ್ಷತೆಗೆ ಬಾಷಾನ ಆರ್ಕೆಸ್ಟ್ರಾ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಹಾಡುವ ಹೆಣ್ಣುಮಗಳಿಗೆ ಅವತ್ತು ಗಂಟಲು ಕಟ್ಟಿತ್ತು. ಯಾರಿಗೂ ಹೇಳದೆ ಒಂದು ಹಾಡನ್ನು ದಿನಾ ಹಾಡುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶ್ರುತಿಯಲ್ಲಿ ಎತ್ತಿಕೊಂಡಳು. ಹೀಗೆ ಆಗುತ್ತಲೇ ಇರುತ್ತದಂತೆ. ಉಳಿದವರು ಎರಡು ಏಟಿನೊಳಗೆ ಕೇಳಿಕೊಂಡು ಅವಳ ಜೊತೆ ಇಳಿಯಬೇಕು. ಬಾಷಾ ಇಳಿದ, ಆರು ತಂತಿಯವನು ಇಳಿದ. ನನ್ನ ತಮ್ಮ ಮೇಲೆಯೇ ಉಳಿದ.

ನಾನು ಹೇಳಿದೆನಲ್ಲ, ಅವನು ನುಡಿಸುವುದು ನನಗೆ ಯಾವತ್ತೂ ಕೇಳಿಸಿರಲಿಲ್ಲ. ಅವತ್ತು ಕೇಳಿಸಿತು. ಒಂದೇ ಗಾಡಿಗೆ ಕಟ್ಟಿದ ಎತ್ತುಗಳಲ್ಲಿ ಒಂದು ಹಳ್ಳಕ್ಕೆ, ಒಂದು ದಿಬ್ಬಕ್ಕೆ ಎಳೆದಂತೆ. ಇಡೀ ಹಾಡು ಹಾಗೇ. ಊಟದ ಸಾಲಿನಲ್ಲಿ ನಿಂತಿದ್ದ ಹುಡುಗರು ಮೊದಲು ನಕ್ಕರು. ಒಬ್ಬ ತಟ್ಟೆಯನ್ನೇ ಗಿಟಾರಿನಂತೆ ಹಿಡಿದು, ಕಣ್ಣು ಮುಚ್ಚಿ, ತಲೆ ತೂಗಿ ಅಣಕಿಸಿದ. ಆಮೇಲೆ ಹೆಂಗಸರೂ ನಕ್ಕರು. ನನ್ನ ಪಕ್ಕದವಳು, "ಅದ್ಯಾರ್ರೀ ಅದು, ಕುಡಿದು ಬಂದೈತಾ?" ಎಂದು ನನ್ನನ್ನೇ ಕೇಳಿದಳು. ಅವನು ನನ್ನ ತಮ್ಮ ಎಂದು ನಾನು ಹೇಳಲಿಲ್ಲ. ಗೊತ್ತಿಲ್ಲ ಎಂದೆ.

ಮೇಲೆ ಅವನು ಕಣ್ಣು ಮುಚ್ಚಿ ನಗುತ್ತಿದ್ದ. ಅಷ್ಟು ಸುಖವಾಗಿ ಅವನು ನಕ್ಕಿದ್ದನ್ನು ಚಿಕ್ಕಂದಿನಿಂದ ನೋಡಿರಲಿಲ್ಲ.

ಕೆಳಗೆ ಬಂದು ಊಟಕ್ಕೆ ಕೂತಾಗ, "ಹೆಂಗಿತ್ತಕ್ಕ ಇವತ್ತು?" ಎಂದ. "ಚೆನ್ನಾಗಿತ್ತು" ಎಂದೆ. ನನ್ನ ಮುಖ ಒಂದು ಗಳಿಗೆ ನೋಡಿ ಪಾಯಸ ಬಡಿಸಿಕೊಂಡ.

ಊರಿಗೆ ಬಂದವಳು ನೇರ ಬಾಷಾನ ಮೊಬೈಲ್ ಅಂಗಡಿಗೆ ಹೋದೆ. "ಅವನಿಗೆ ಕಿವಿ ಇಲ್ಲ ಕಣೋ. ಬಿಡಿಸು" ಎಂದೆ.

ಬಾಷಾ ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟ. "ಗೊತ್ತೈತೆ ಅಕ್ಕ. ಒಂದು ವರ್ಷದಿಂದ ಗೊತ್ತೈತೆ" ಎಂದ. ಜನರ ಕಡೆಗಿರುವ ಸ್ಪೀಕರುಗಳಿಗೆ ಇವನ ಗಿಟಾರಿನ ಸದ್ದು ಹೋಗದ ಹಾಗೆ ಸೌಂಡಿನವನು ಮುಚ್ಚಿಬಿಡುತ್ತಿದ್ದನಂತೆ. ಆ ದಪ್ಪ ಸದ್ದನ್ನು ಬಾಷಾನೇ ಕೀಬೋರ್ಡಿನಲ್ಲಿ ಎಡಗೈಯಿಂದ ನುಡಿಸುತ್ತಿದ್ದನಂತೆ. ಇವನ ಪಕ್ಕದಲ್ಲಿರುವ ಸಣ್ಣ ಬಾಕ್ಸಿಗೆ ಮಾತ್ರ ಸದ್ದು ಹೋಗಿ ಇವನ ಕಾಲಿಗೆ ತಿಳಿಯುತ್ತಿತ್ತು. "ನಿನ್ನೆ ಸೌಂಡಿನವನು ಹೊಸಬ. ಅವನಿಗೆ ಹೇಳೋದು ಮರೆತೆ. ನಂದೇ ತಪ್ಪು. ಇನ್ಮುಂದೆ ಹಂಗಾಗಲ್ಲ, ನಡೀಲಿ ಬಿಡ್ರಿ ಅಕ್ಕ. ಮೂವತ್ತೈದು ವರ್ಷ ಆತು, ಅವನು ಪಕ್ಕದಾಗೆ ನಿಂತಿಲ್ಲಾಂದ್ರೆ ನಂಗೆ ಕೈ ಓಡಲ್ಲ."

ಅಲ್ಲಿಗೆ ನಾನು ಸುಮ್ಮನೆ ಎದ್ದು ಬರಬೇಕಿತ್ತು. ಬರಲಿಲ್ಲ. "ಜನ ನಕ್ಕರು ಬಾಷಾ. ಇನ್ನೊಂದು ಸಲ ನಗೋದು ಬ್ಯಾಡ. ಬಿಡಿಸು. ನಾನು ಹೇಳಿದೆ ಅಂತ ಹೇಳಬ್ಯಾಡ" ಎಂದೆ. ಬಾಷಾ ಕೆಳಗಿಟ್ಟ ಮೊಬೈಲನ್ನು ಎತ್ತಿ ಡಬ್ಬಿಗೆ ಹಾಕಿದ. ನಾನು ಅವನಿಗೆ ದೊಡ್ಡವಳು, ಅವನು ಎಳೆ ಪ್ರಾಯದಲ್ಲಿ ಎಷ್ಟೋ ದಿನ ನಮ್ಮ ಮನೆಯಲ್ಲೇ ಉಂಡವನು. ಆಗಲಿ ಎಂದ. ಹೊಸ ಕೀಬೋರ್ಡಿನಲ್ಲಿ ಬೇಸೂ ಬರುತ್ತದೆ, ಕರೆಸುವವರು ಈಗ ಕಡಿಮೆ ಜನ ಇದ್ದರೆ ಸಾಕು ಎನ್ನುತ್ತಾರೆ ಎಂದು ಮಲ್ಲೇಶಿಗೆ ಹೇಳಿದ.

ಮಲ್ಲೇಶಿ ಜಗಳ ಮಾಡಲಿಲ್ಲ. "ಆತು ಬಿಡೋ" ಎಂದನಂತೆ. ಆ ವರ್ಷವೂ ಹಳೆಯ ಸಾಮಾನು ತಂದ, ಮಾರಿದ. ನಾನು ಬತ್ತಿ ಹೊಸೆದೆ. ಆದರೆ ಈಗ ಕೊಳ್ಳುವವರು ಚಾ ಕುಡಿಯುವಾಗ ನುಡಿಸುತ್ತಿರಲಿಲ್ಲ. ತಂತಿಯನ್ನು ಒಂದು ಸಲ ಮೀಟಿ, ನನ್ನ ಕೈ ನೋಡಿ, ಮುಗಿಸುತ್ತಿದ್ದ. ಊಟದ ತಟ್ಟೆಯ ಮೇಲೆ ಬೆರಳು ನಡೆಯುವುದು ನಿಂತಿತ್ತು. ಅದನ್ನು ನಾನು ಗಮನಿಸಿದ್ದೇ ತಡವಾಗಿ. ಮನೆಯಲ್ಲಿ ಏನೋ ಕಡಿಮೆಯಾಗಿದೆ, ಏನೋ ಕಡಿಮೆಯಾಗಿದೆ ಎನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

ಮಾಘದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಮೂರನೆಯ ದಿನ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅಷ್ಟೊತ್ತಿಗೆ ಅವನ ಕಿವಿ ಪೂರ್ತಿ ಹೋದಂತೆಯೇ. ಬಾಯಿ ನೋಡಿ ಮಾತು ತಿಳಿಯುತ್ತಿದ್ದ.

"ಬಾಷಾನ ಅಂಗಡಿಗೆ ನೀನೇ ಹೋಗಿದ್ದಿ ಅಲ್ವಾ?" ಎಂದ.

"ಯಾರು ಹೇಳಿದ್ರು? ಬಾಷಾನಾ?"

"ಯಾರೂ ಹೇಳಿಲ್ಲ. ಹೊನ್ನಾಳಿನಾಗೆ ಚೆನ್ನಾಗಿತ್ತು ಅಂದ್ಯಲ್ಲ, ನಿನ್ನ ಮುಖ ನೋಡ್ದೆ. ಆಮ್ಯಾಲೆ ಕೀಬೋರ್ಡು ಅಂದಾಗ ಅವನ ಮುಖ ನೋಡ್ದೆ. ಕಿವಿ ಹೋದ್ರೆ ಕಣ್ಣು ಬರ್ತಾವೆ ಅಕ್ಕ."

"ಹೂಂ. ನಾನೇ ಹೋಗಿದ್ದೆ."

"ಜನ ನಕ್ರಾ?"

"ನಕ್ಕರು."

ಅವನು ಗಂಜಿ ನುಂಗಿದ. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಚಿಕ್ಕವರಿದ್ದಾಗ ಬುಗುರಿ ಕಳೆದದ್ದನ್ನು ಹೇಳುತ್ತಿದ್ದನಲ್ಲ, ಅದೇ ದನಿಯಲ್ಲಿ ಹೇಳಿದ. "ನಗೋದು ನಂಗೆ ಕೇಳಿಸ್ತಾ ಇರಲಿಲ್ಲಲ್ಲ ಅಕ್ಕ. ಕೇಳಿಸಿದ್ದು ನಿಂಗೆ."

ನಾನು ಚಮಚ ಬಟ್ಟಲಲ್ಲಿಟ್ಟು ಅವನ ಬಾಯಿ ಒರೆಸಿದೆ. ಆಮೇಲೆ ಅವನು ಸೊಸೆ ಹೇಗಿದ್ದಾಳೆ, ಅವಳ ಮಕ್ಕಳು ಹೇಗಿದ್ದಾರೆ ಎಂದು ಕೇಳಿದ. ಈ ಮಾತು ತಿರುಗಿ ಎತ್ತಲಿಲ್ಲ. ಮರುದಿನ ಹೋದ.

ಮಣ್ಣಿಗೆ ಬಹಳ ಜನ ಬಂದಿದ್ದರು. ಭಜನೆಯವರು ಬಂದು ಗುಂಡಿಯ ಪಕ್ಕ ಕೂತು ಪದ ಹೇಳಿದರು. ಬಾಷಾ ಒಂದು ಬದಿಗೆ ನಿಂತಿದ್ದ. ಅವನ ಬೆನ್ನ ಹಿಂದೆಯೇ, ಅವನಿಗೆ ಕೇಳಿಸುವ ಹಾಗೆ ಜನ ಆಡಿಕೊಂಡರು: "ಹೊಸ ಕೀಬೋರ್ಡು ಬಂತು ಅಂತ ಜೊತೆಗಾರನ್ನ ಬಿಟ್ಟೋನು. ಈಗ ಬಂದು ನಿಂತಾನೆ ನೋಡು." ಬಾಷಾ ತಲೆ ಎತ್ತಲಿಲ್ಲ. ಒಂದು ಮಾತು ಹೇಳಿದ್ದರೆ ಅವನ ಮೇಲಿನ ದೂರು ಇಳಿದು ನನ್ನ ಮೇಲೆ ಬರುತ್ತಿತ್ತು. ಹೇಳಲಿಲ್ಲ. ಮೂರು ಹಿಡಿ ಮಣ್ಣು ಹಾಕಿ ಹೋದ. ನಾನೂ ಅವತ್ತು ಬಾಯಿ ಬಿಡಲಿಲ್ಲ.

ಮಾರನೆಯ ಬೆಳಗ್ಗೆ ಸೊಸೆ ಏಳುವ ಮೊದಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಬಾಷಾನ ಅಂಗಡಿಗೆ ಹೋದೆ. ಬಾಗಿಲು ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕೂತೆ. ಪಕ್ಕದ ಚಾ ಅಂಗಡಿಯ ಮುಂದೆ ಹಿಂದಿನ ದಿನ ಆಡಿಕೊಂಡವರೇ ನಾಲ್ಕೈದು ಜನ ನಿಂತಿದ್ದರು. "ಮಲ್ಲೇಶಿಯನ್ನ ಬಿಡಿಸಿದ್ದು ಬಾಷಾ ಅಲ್ಲ. ನಾನು. ಅವನ ಒಳ್ಳೇದಕ್ಕೂ ಅಲ್ಲ, ನಂಗೆ ನಾಚಿಕೆ ಆಗಿತ್ತು ಅದಕ್ಕೆ. ಇನ್ನು ಆಡಿಕೊಳ್ಳೋದಿದ್ರೆ ನನ್ನ ಆಡಿಕೊಳ್ರಿ" ಎಂದೆ.

ಅಷ್ಟರಲ್ಲಿ ಬಾಷಾ ಬಂದ. "ಯಾಕ್ರಿ ಅಕ್ಕ ಈಗ ಇದೆಲ್ಲಾ" ಎಂದು ಬೀಗ ತೆಗೆದು, ಒಳಗೆ ಕರೆದು ಸ್ಟೂಲು ಕೊಟ್ಟ. ಅವನನ್ನು ಒಂದು ಮಾತು ಕೇಳಬೇಕಿತ್ತು, ಅದಕ್ಕೇ ಹೋಗಿದ್ದೆ.

"ಅವತ್ತು ನಾನು ಇಲ್ಲಿಗೆ ಬರದೇ ಇದ್ದಿದ್ರೆ ಏನಾಗ್ತಿತ್ತೋ?"

"ಏನಾಗ್ತಿತ್ತು ಅಕ್ಕ. ಮುಂದಿನ ಭಾನುವಾರ ಚನ್ನಗಿರಿನಾಗೆ ಪ್ರೋಗ್ರಾಂ ಇತ್ತು. ವ್ಯಾನು ಹತ್ತಿ ಹೋಗ್ತಿದ್ವಿ."

"ಅವನೂ?"

ಬಾಷಾ ಬಟ್ಟೆ ತಗೊಂಡು ಗಾಜಿನ ಮೇಲಿನ ಧೂಳು ಒರೆಸಲು ಶುರು ಮಾಡಿದ.

"ಅವನೂ" ಎಂದ.

ನಾನು ಸ್ಟೂಲನ್ನು ಗೋಡೆಗೆ ಸರಿಸಿಟ್ಟು ಮನೆಗೆ ಬಂದೆ.